ಬಶೀರನ ಹೆಸರಿನಲ್ಲಿ ಹರಿದ ರಕ್ತ

ಕಾರ್ಟೂನು ಎಂದರೆ ಮಕ್ಕಳದ್ದು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ, ಮಕ್ಕಳು ನಗುತ್ತಾರೆ, ದೊಡ್ಡವರು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಆದರೆ 2008ರಲ್ಲಿ ಇಸ್ರೇಲಿನ ನಿರ್ದೇಶಕ ಆರಿ ಫೋಲ್ಮನ್ ತಯಾರಿಸಿದ ‘ವಾಲ್ಟ್ಸ್ ವಿತ್ ಬಶೀರ್’ ಎಂಬ ಅನಿಮೇಷನ್ ಚಿತ್ರವನ್ನು ಮಕ್ಕಳ ಮುಂದೆ ಹಾಕುವಂತಿಲ್ಲ. ಅದು ಒಂದು ಸಾಮೂಹಿಕ ಕೊಲೆಯ ಕಥೆ. ನಡೆದದ್ದು ಬೈರೂತಿನಲ್ಲಿ, ಅದೂ ನಿಜವಾಗಿ.

ಚಿತ್ರ ಆರಂಭವಾಗುವುದು ನಾಯಿಗಳಿಂದ. 26 ನಾಯಿಗಳು ಹಲ್ಲು ಕಿರಿಯುತ್ತಾ ಬೀದಿಯಲ್ಲಿ ಓಡಿಬರುತ್ತವೆ. ಇದು ಬೋಅಜ್ ಎಂಬ ಮಾಜಿ ಸೈನಿಕನಿಗೆ ಬೀಳುವ ಕನಸು. 1982ರ ಯುದ್ಧದಲ್ಲಿ ಇವನಿಗೆ ಮನುಷ್ಯರ ಮೇಲೆ ಗುಂಡು ಹಾರಿಸಲಾಗದು ಎಂದು ಜೊತೆಗಾರರಿಗೆ ಗೊತ್ತಿತ್ತಂತೆ. ಹಾಗಾಗಿ ರಾತ್ರಿ ಹಳ್ಳಿಗೆ ನುಗ್ಗುವಾಗ ಬೊಗಳಿ ಊರನ್ನು ಎಬ್ಬಿಸುವ ನಾಯಿಗಳನ್ನು ಕೊಲ್ಲುವ ಕೆಲಸ ಇವನ ಪಾಲಿಗೆ ಬಂತು. ಒಟ್ಟು 26. ಇಪ್ಪತ್ತು ವರ್ಷ ಕಳೆದರೂ ಒಂದೊಂದರ ಮುಖವೂ ಅವನಿಗೆ ನೆನಪಿದೆ.

ಫೋಲ್ಮನ್‌ಗೆ ಮಾತ್ರ ಏನೂ ನೆನಪಿಲ್ಲ. ತಾನೂ 19ರ ಹರೆಯದಲ್ಲಿ ಅಲ್ಲೇ ಇದ್ದವನು. ಆದರೂ ಮನಸ್ಸು ಖಾಲಿ. ಆದ್ದರಿಂದ ಹಳೆಯ ಜೊತೆಗಾರರನ್ನು ಹುಡುಕಿಕೊಂಡು ಹೋಗಿ, ಕುಳಿತು ಕೇಳುತ್ತಾನೆ. ಈ ಸಂದರ್ಶನಗಳನ್ನು ಮೊದಲು ವಿಡಿಯೋದಲ್ಲಿ ಚಿತ್ರೀಕರಿಸಿ, ಆಮೇಲೆ ಎಲ್ಲವನ್ನೂ ಹೊಸದಾಗಿ ಚಿತ್ರ ಬರೆದು ಜೀವ ತುಂಬಲಾಯಿತು. ನೆನಪು, ಕನಸು, ಸುಳ್ಳು ಒಂದಕ್ಕೊಂದು ಬೆರೆಯುವುದನ್ನು ತೋರಿಸಲು ಕ್ಯಾಮೆರಾಕ್ಕಿಂತ ಕುಂಚವೇ ಸರಿ ಎಂದು ನಮಗೂ ಅನ್ನಿಸಿತು.

ನಮ್ಮನ್ನು ಹೆಚ್ಚು ಕಾಡಿದವನು ರೋನಿ ದಯಾಗ್. ಅವನಿದ್ದ ಟ್ಯಾಂಕಿನ ಮುಖ್ಯಸ್ಥ ಗುಂಡೇಟಿಗೆ ಸತ್ತ. ಉಳಿದವರು ಹೊರಗೆ ಹಾರಿ ಓಡಿದರು. ರೋನಿ ಒಬ್ಬನೇ ಸಮುದ್ರದ ದಡದಲ್ಲಿ ಬಂಡೆಯ ಮರೆಯಲ್ಲಿ ಅಡಗಿ, ಕತ್ತಲಾದ ಮೇಲೆ ಈಜಿ ತನ್ನ ದಳವನ್ನು ಸೇರಿಕೊಂಡ. ಅವನು ಯಾರಿಗೂ ದ್ರೋಹ ಮಾಡಲಿಲ್ಲ, ಪ್ರಾಣ ಉಳಿಸಿಕೊಂಡ ಅಷ್ಟೆ. ಆದರೂ ಸತ್ತ ಗೆಳೆಯರ ಮನೆಯವರಿಗೆ ಮುಖ ತೋರಿಸಲಾರದೆ ದೂರ ಉಳಿದ. ನಿಷ್ಠೆ ಎಂಬುದು ಮನುಷ್ಯನನ್ನು ಹೀಗೂ ಹಿಂಡುತ್ತದೆ.

ಈಗ ಬಶೀರನ ವಿಷಯಕ್ಕೆ ಬರೋಣ. ಕ್ರೈಸ್ತರಾದ ನಮಗೆ ಇದು ಕಹಿ ಗುಳಿಗೆ. ಬಶೀರ್ ಜೆಮಾಯೆಲ್ ಲೆಬನಾನಿನ ಮಾರೋನೈಟ್ ಪಂಗಡದವನು, ಅಂದರೆ ರೋಮಿನೊಂದಿಗೆ ಐಕ್ಯವಿರುವ ನಮ್ಮದೇ ಕಥೋಲಿಕ ಸಭೆಯವನು. 1982ರ ಆಗಸ್ಟ್ 23ರಂದು ರಾಷ್ಟ್ರಾಧ್ಯಕ್ಷನಾಗಿ ಆಯ್ಕೆಯಾದಾಗ ಅವನಿಗೆ ಕೇವಲ 34 ವರ್ಷ. ಅಧಿಕಾರ ವಹಿಸಿಕೊಳ್ಳುವ ಮೊದಲೇ, ಸೆಪ್ಟೆಂಬರ್ 14ರಂದು ಬಾಂಬಿಗೆ ಬಲಿಯಾದ. ಸೇಡಿನ ಉರಿ ಹೊತ್ತ ಅವನ ಫಲಾಂಜಿಸ್ಟ್ ಪಡೆಗಳು ಸೆಪ್ಟೆಂಬರ್ 16ರಿಂದ 18ರವರೆಗೆ ಸಾಬ್ರಾ ಮತ್ತು ಶತೀಲಾದಲ್ಲಿ ಪ್ಯಾಲೆಸ್ತೀನಿ ನಿರಾಶ್ರಿತರನ್ನು ಕೊಂದವು. ಮುದುಕರು, ಹೆಂಗಸರು, ಮಕ್ಕಳು ಎನ್ನಲಿಲ್ಲ. ಸತ್ತವರು ಕೆಲವು ನೂರು ಎನ್ನುವವರಿದ್ದಾರೆ, 3,500 ಎನ್ನುವವರೂ ಇದ್ದಾರೆ. ಕೊಲ್ಲಲು ಹೋದವರ ಕೊರಳಲ್ಲಿ ಶಿಲುಬೆ ಇತ್ತು. ಬಾಂಬ್ ಇಟ್ಟ ಹಬೀಬ್ ಶರ್ತೂನಿಯಾದರೋ ಪ್ಯಾಲೆಸ್ತೀನಿಯಲ್ಲ, ಅವನೂ ಒಬ್ಬ ಮಾರೋನೈಟ್ ಕ್ರೈಸ್ತ! ಸೇಡು ಯಾವ ಮನೆಯ ಬಾಗಿಲು ತಟ್ಟಿತು ನೋಡಿ.

ಇಸ್ರೇಲಿನ ಸೈನಿಕರು ಹೊರಗೆ ಕಾವಲಿದ್ದರು, ಒಳಗೆ ಹೋಗಲಿಲ್ಲ. ಆದರೆ ಆ ರಾತ್ರಿಗಳಲ್ಲಿ ಆಕಾಶಕ್ಕೆ ಬೆಳಕಿನ ಗುಂಡುಗಳನ್ನು ಹಾರಿಸಿ ಶಿಬಿರಗಳನ್ನು ಬೆಳಗಿಸಿದವರು ಅವರೇ. ಫೋಲ್ಮನ್ ಮರೆತದ್ದು ಇದನ್ನು. ಅವನ ತಂದೆತಾಯಿ ಆಶ್ವಿಟ್ಜ್‌ನಿಂದ ಬದುಕಿ ಬಂದವರು. ಅಂಥವರ ಮಗ ಇನ್ನೊಂದು ಶಿಬಿರದ ಹೊರಗೆ ದೀಪ ಹಿಡಿದು ನಿಂತದ್ದನ್ನು ಮನಸ್ಸು ತಾಳಿಕೊಳ್ಳಲಿಲ್ಲವೇನೋ. ಪತ್ರಕರ್ತ ರೋನ್ ಬೆನ್ ಯಿಶಾಯ್ ರಾತ್ರಿಯೇ ರಕ್ಷಣಾ ಮಂತ್ರಿ ಏರಿಯಲ್ ಶರೋನ್‌ಗೆ ಫೋನ್ ಮಾಡಿ ಕೊಲೆಯ ಸುದ್ದಿ ಹೇಳಿದ. ಮಂತ್ರಿ ಕೇಳಿಸಿಕೊಂಡು, ಹೊಸ ವರ್ಷದ ಶುಭಾಶಯ ಹೇಳಿ ಫೋನ್ ಇಟ್ಟರು ಎಂದು ಆತ ಚಿತ್ರದಲ್ಲಿ ನೆನೆಯುತ್ತಾನೆ. ಕಾಹನ್ ಆಯೋಗ 1983ರ ಫೆಬ್ರವರಿಯಲ್ಲಿ ಶರೋನ್ ಅವರನ್ನು ವೈಯಕ್ತಿಕವಾಗಿ ಹೊಣೆ ಮಾಡಿತು. ರಕ್ಷಣಾ ಖಾತೆ ಹೋಯಿತು. 2001ರಲ್ಲಿ ಅವರೇ ಪ್ರಧಾನಿಯಾದರು.

ಚಿತ್ರದಲ್ಲಿ ಒಂದು ಕೊರತೆಯಿದೆ. ಮಾತೆಲ್ಲ ಇಸ್ರೇಲಿಗಳದ್ದೇ, ಸತ್ತವರ ಕಡೆಯವರಿಗೆ ಕೊನೆಯವರೆಗೂ ಬಾಯಿಯಿಲ್ಲ. ಅಪರಾಧಿ ಭಾವನೆ ಹೊತ್ತವನ ಮೇಲೆ ಕರುಣೆ ತೋರುವಾಗ ಸತ್ತವನನ್ನು ಮರೆಯುವ ಅಪಾಯ ಯಾವಾಗಲೂ ಇದ್ದದ್ದೇ. ಫೋಲ್ಮನ್‌ಗೂ ಇದು ಹೊಳೆದಿರಬೇಕು. ಕಡೆಗೆ ಬಿಡಿಸಿದ ಚಿತ್ರಗಳು ನಿಂತುಹೋಗುತ್ತವೆ. 1982ರ ನಿಜವಾದ ಸುದ್ದಿಚಿತ್ರ ಬರುತ್ತದೆ. ಎದೆ ಬಡಿದುಕೊಂಡು ಅಳುವ ತಾಯಂದಿರು, ಗೋಡೆಯ ಬದಿಯಲ್ಲಿ ಶವಗಳು. ಅವರು ಕೂಗುವುದಕ್ಕೆ ತೆರೆಯ ಮೇಲೆ ಅನುವಾದವೂ ಇಲ್ಲ.

2009ರ ಜನವರಿಯಲ್ಲಿ ಇದಕ್ಕೆ ಗೋಲ್ಡನ್ ಗ್ಲೋಬ್ ಬಂತು. ಲೆಬನಾನಿನಲ್ಲಿ ನಿಷೇಧವಿತ್ತು; ಆದರೂ ಅದೇ ತಿಂಗಳು ಬೈರೂತಿನಲ್ಲಿ ಕೆಲವರು ಖಾಸಗಿಯಾಗಿ ಸೇರಿ ನೋಡಿದರು. ಒಂದೂವರೆ ಗಂಟೆಯ ಚಿತ್ರ, ಮಾತು ಹೀಬ್ರೂ. ಹಿಂಸೆಯ ಜೊತೆಗೆ ಅಶ್ಲೀಲ ದೃಶ್ಯಗಳೂ ಇರುವುದರಿಂದ ನೋಡುವವರು ಮಕ್ಕಳನ್ನು ಮಲಗಿಸಿದ ಮೇಲೆ ನೋಡಿ. ಕಾಲೇಜು ಮುಗಿಸಿದ ಮಗನೋ ಮಗಳೋ ಮನೆಯಲ್ಲಿದ್ದರೆ ಅವರನ್ನು ಮಾತ್ರ ಜೊತೆಗೆ ಕೂರಿಸಿಕೊಳ್ಳಿ.