ಗಣಕದಲ್ಲಿ ಕನ್ನಡದ ಅಕ್ಷರಚಿತ್ರಣ: ದೋಷಗಳೂ ತಿದ್ದುಪಡಿಗಳೂ

೧

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಈ ನಾಲ್ಕು ಊರುಗಳಲ್ಲಿ ನೆಲಸಿರುವ ಕನ್ನಡ ಕುಟುಂಬಗಳ ಮಕ್ಕಳು ಕನ್ನಡ ಲಿಪಿಯನ್ನು ಎಲ್ಲಿ ಕಾಣುತ್ತಾರೆಂದು ವಿಚಾರಿಸಿದರೆ, ಹೆಚ್ಚಾಗಿ ಪರದೆಯ ಮೇಲೆ ಎಂದೇ ಹೇಳಬೇಕಾಗುತ್ತದೆ. ಬೀದಿಯ ಫಲಕಗಳು ಮರಾಠಿಯಲ್ಲಿರುತ್ತವೆ. ಶಾಲೆಯ ಪುಸ್ತಕಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಇರುತ್ತವೆ. ಕನ್ನಡದ ಅಕ್ಷರ ಅವರ ಕಣ್ಣಿಗೆ ಬೀಳುವುದು ಮೊಬೈಲಿನಲ್ಲಿ ಬರುವ ಸಂದೇಶಗಳಲ್ಲಿ, ಚಲನಚಿತ್ರದ ಶೀರ್ಷಿಕೆಗಳಲ್ಲಿ, ಮದುವೆಯ ಅಥವಾ ಸಂಘದ ವಾರ್ಷಿಕೋತ್ಸವದ ವಿಡಿಯೋಗೆ ಸೇರಿಸುವ ಹೆಸರುಪಟ್ಟಿಯಲ್ಲಿ. ಅಚ್ಚಿನ ಪುಸ್ತಕದಲ್ಲಿ ತಪ್ಪು ನುಸುಳಿದರೆ ಒಪ್ಪೋಲೆಯನ್ನು ನೋಡಿ ತಿದ್ದಿಕೊಳ್ಳಬಹುದು. ಪರದೆಯಲ್ಲಿ ಒಡೆದು ಕಂಡ ಅಕ್ಷರವನ್ನೇ ಸರಿಯೆಂದು ಕಲಿತ ಮಗುವಿಗೆ ಒಪ್ಪೋಲೆಯನ್ನು ಕೊಡುವವರಾರು? ಆದಕಾರಣ ಗಣಕವು ಕನ್ನಡದ ಅಕ್ಷರವನ್ನು ಹೇಗೆ ಬರೆಯುತ್ತದೆ, ಎಲ್ಲಿ ತಪ್ಪುತ್ತದೆ, ಆ ತಪ್ಪು ಹೇಗೆ ತಿದ್ದಲ್ಪಡುತ್ತದೆ ಎಂಬ ವಿಷಯ ಯಂತ್ರಜ್ಞರಿಗೆ ಮಾತ್ರ ಬಿಟ್ಟುಬಿಡತಕ್ಕದ್ದಲ್ಲ. ಹೊರನಾಡಿನಲ್ಲಿ ಅದು ಭಾಷಾಶಿಕ್ಷಣದ ಒಂದು ಅಂಗವೇ ಆಗಿದೆ.

೨

ಗಣಕದ ನೆನಪಿನಲ್ಲಿ ಅಕ್ಷರದ ಚಿತ್ರವಿರುವುದಿಲ್ಲ. ಸಂಕೇತಾಂಕಗಳ ಒಂದು ಸಾಲು ಮಾತ್ರ ಇರುತ್ತದೆ. ಆ ಸಾಲನ್ನು ಓದಿ, ಫಾಂಟಿನಲ್ಲಿರುವ ರೂಪಗಳನ್ನು ಆರಿಸಿ, ಅವುಗಳನ್ನು ತಕ್ಕ ಸ್ಥಾನದಲ್ಲಿರಿಸಿ ಪರದೆಯ ಮೇಲೆ ಮೂಡಿಸುವ ಕಾರ್ಯಕ್ಕೆ ರೆಂಡರಿಂಗ್, ಎಂದರೆ ಚಿತ್ರಣ, ಎಂದು ಹೆಸರು. ಒಂದು ಪುಟವನ್ನು ತೆರೆದಾಗಲೆಲ್ಲ ಈ ಕಾರ್ಯ ಹೊಸದಾಗಿ ನಡೆಯುತ್ತದೆ. ಇಂಗ್ಲಿಷಿಗೆ ಇದು ಸುಲಭ. ಒಂದು ಸಂಕೇತಕ್ಕೆ ಒಂದು ರೂಪ, ಒಂದರ ಬಲಕ್ಕೆ ಇನ್ನೊಂದು. ಕನ್ನಡದ ಸ್ಥಿತಿ ಬೇರೆ.

'ರಾಷ್ಟ್ರೀಯ' ಎಂಬ ಶಬ್ದದ ನಡುವಣ ಅಕ್ಷರವನ್ನು ತೆಗೆದುಕೊಳ್ಳಬಹುದು. ಷಕಾರ, ಹಲಂತಚಿಹ್ನೆ, ಟಕಾರ, ಹಲಂತಚಿಹ್ನೆ, ರಕಾರ, ಈಕಾರದ ಚಿಹ್ನೆ ಎಂದು ಆರು ಸಂಕೇತಗಳು ಉಚ್ಚಾರಣೆಯ ಕ್ರಮದಲ್ಲಿ ಸಂಗ್ರಹವಾಗಿರುತ್ತವೆ. ಬರೆಯುವ ಕ್ರಮ ಹಾಗಿಲ್ಲ. ಕೊನೆಯಲ್ಲಿರುವ ಸ್ವರಚಿಹ್ನೆಯ ಗುಡಿಸು ಮೊದಲಿನ ಷಕಾರದ ತಲೆಗೆ ಹೋಗಿ ಕೂಡಬೇಕು. ಟಕಾರವೂ ರಕಾರವೂ ಒತ್ತುಗಳಾಗಿ ಕೆಳಗಿಳಿಯಬೇಕು. ಅದೇ ಸ್ವರದ ದೀರ್ಘಚಿಹ್ನೆ ಮಾತ್ರ ಬಲತುದಿಗೆ ಸರಿಯಬೇಕು. 'ಕೀರ್ತಿ' ಎಂಬಲ್ಲಿ ಇದಕ್ಕೆ ವಿಪರೀತವಾಗಿ, ತಕಾರಕ್ಕಿಂತ ಮೊದಲು ಸಂಗ್ರಹವಾದ ರೇಫೆಯು ಅರ್ಕಾವತ್ತಾಗಿ 'ತಿ'ಯ ಬಲಕ್ಕೆ ಬರುತ್ತದೆ. ಕೈಬರೆಹದಲ್ಲಿ ಅಭ್ಯಾಸಬಲದಿಂದ ಆಗುವ ಈ ಜೋಡಣೆಯನ್ನು ಗಣಕಕ್ಕೆ ನಿಯಮರೂಪದಲ್ಲಿ ಕಲಿಸಬೇಕು. ಆ ನಿಯಮಗಳನ್ನು ನಡೆಸುವ ತಂತ್ರಾಂಶದ ಭಾಗವನ್ನು ಜೋಡಣಾಯಂತ್ರ ಎಂದು ಕರೆಯಬಹುದು. ಹೀಗೆ ಪಠ್ಯ, ಫಾಂಟ್, ಜೋಡಣಾಯಂತ್ರ, ಇವನ್ನು ಬಳಸುವ ತಂತ್ರಾಂಶ ಎಂದು ನಾಲ್ಕು ಅಂಗಗಳಾದವು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಓದುಗನಿಗೆ ಕಾಣುವುದು ಒಡೆದ ಅಕ್ಷರವೇ.

೩

ಈ ವ್ಯವಸ್ಥೆ ಒಮ್ಮೆಗೇ ಬಂದುದಲ್ಲ. ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತಪಟ್ಟಿ ೧೯೯೧ರಲ್ಲಿ ಹೊರಬಿದ್ದಿತು. ಭಾರತೀಯ ಲಿಪಿಗಳಿಗಾಗಿ ಇಸ್ಕಿ ಎಂಬ ರಾಷ್ಟ್ರೀಯ ಮಾನಕವೂ ಅದೇ ವರ್ಷ ಪ್ರಕಟವಾಯಿತು. ಆದರೆ ಅವನ್ನು ಪರದೆಯಲ್ಲಿ ಚಿತ್ರಿಸುವ ಸಾಧನ ಜನಸಾಮಾನ್ಯರ ಗಣಕದಲ್ಲಿ ಆಗ ಇರಲಿಲ್ಲ. ಆ ಕೊರತೆಯನ್ನು ತುಂಬಿದವು ೧೯೯೮ರಲ್ಲಿ ಬಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ 'ಶ್ರೀಲಿಪಿ' ಮೊದಲಾದವು. ಇವುಗಳ ಮೊದಲಿನ ಫಾಂಟುಗಳು ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿ, ಮೊಳೆ ಜೋಡಿಸುವವನಂತೆ ಕಂಡ ಕ್ರಮದಲ್ಲಿಯೇ ಜೋಡಿಸುತ್ತಿದ್ದವು. ಅಚ್ಚಿಗೆ ಇಷ್ಟು ಸಾಕಾಗಿತ್ತು. ಆದರೆ ಆ ಫಾಂಟ್ ಇಲ್ಲದ ಗಣಕದಲ್ಲಿ ಅದೇ ಪುಟ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು; ಶಬ್ದವನ್ನು ಹುಡುಕುವುದೂ ಅಕಾರಾದಿಯಾಗಿ ಅಳವಡಿಸುವುದೂ ದುಸ್ಸಾಧ್ಯವಾಗಿತ್ತು.

ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ೨೦೦೦ದಲ್ಲಿ ದೇವನಾಗರಿಗೂ ತಮಿಳಿಗೂ ಆಶ್ರಯ ದೊರೆತಿದ್ದಿತು. ಕನ್ನಡ, ತೆಲುಗು, ಗುಜರಾತಿ, ಗುರುಮುಖಿಗಳು ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ಸೇರಿದವು. ಅದರೊಂದಿಗೆ ಬಂದ ಕನ್ನಡ ಫಾಂಟಿನ ಹೆಸರು 'ತುಂಗಾ'. ಮುಂಬಯಿ ಪ್ರಾಂತದ ಕನ್ನಡಿಗರು ನೆನೆಯತಕ್ಕ ಒಂದು ಸಂಗತಿ ಇಲ್ಲಿದೆ. ಕರ್ನಾಟಕದ ಹೊಳೆಯ ಹೆಸರನ್ನು ಹೊತ್ತ ಈ ಫಾಂಟಿನ ಹಿಂದೆ ಇದ್ದವರು ಮರಾಠಿ ಕವಿಯೂ ಅಕ್ಷರಶಿಲ್ಪಿಯೂ ಆಗಿದ್ದ ರಘುನಾಥ ಕೃಷ್ಣ ಜೋಶಿ (೧೯೩೬–೨೦೦೮). ಐ.ಐ.ಟಿ. ಮುಂಬಯಿಯಲ್ಲಿ ಅಧ್ಯಾಪಕರಾಗಿದ್ದ ಅವರು ಬಳಿಕ ಅದೇ ನಗರದ ರಾಷ್ಟ್ರೀಯ ತಂತ್ರಾಂಶ ಕೇಂದ್ರದಲ್ಲಿ ಭಾರತೀಯ ಲಿಪಿಗಳ ಫಾಂಟುಗಳ ರಚನೆಯನ್ನು ನಿರ್ದೇಶಿಸಿದರು. ಆ ಕೇಂದ್ರ ಮುಂದೆ ಸಿ-ಡ್ಯಾಕ್‌ನಲ್ಲಿ ಲೀನವಾಯಿತು. ಸಿ-ಡ್ಯಾಕ್ ಮುಂಬಯಿಯ ಒಂದು ನೆಲೆ ಇಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿದೆ. ಪರದೆಯ ಕನ್ನಡಕ್ಕೂ ಈ ಪ್ರದೇಶಕ್ಕೂ ಇರುವ ನಂಟು ಹೀಗೆ ಹಳೆಯದೇ.

೪

ತಂತ್ರಾಂಶದ ತಿದ್ದುಪಡಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಕನ್ನಡದ್ದೇ ಆದ ಒಂದು ನಿದರ್ಶನವುಂಟು. ರಕಾರದ ಮುಂದೆ ಹಲಂತವೂ ಯಕಾರವೂ ಬಂದರೆ ಗಣಕ ಅರ್ಕಾವತ್ತನ್ನು ಬರೆಯುತ್ತದೆ. 'ಕಾರ್ಯ' ಎಂಬಲ್ಲಿ ಅದೇ ಸರಿ. ಆದರೆ 'ರ‍್ಯಾಲಿ', 'ರ‍್ಯಾಂಕ್' ಎಂಬ ಎರವಲು ಶಬ್ದಗಳಲ್ಲಿ ರಕಾರ ಪೂರ್ಣವಾಗಿ ನಿಂತು ಯಕಾರ ಒತ್ತಾಗಬೇಕು. ಈ ಭೇದವನ್ನು ತಿಳಿಸುವುದಕ್ಕಾಗಿ 'ಜೀರೋ ವಿಡ್ತ್ ಜಾಯ್ನರ್' ಎಂಬ, ಕಣ್ಣಿಗೆ ಕಾಣದ ಒಂದು ಜೋಡುಚಿಹ್ನೆಯನ್ನು ನಡುವೆ ಇಡಬೇಕು. ಅದನ್ನು ರಕಾರದ ಒಡನೆಯೇ ಇಡಬೇಕೆಂಬುದು ಯೂನಿಕೋಡಿನ ವಿಧಿ. ಹಲಂತದ ಅನಂತರ ಇಡುವ ರೂಢಿಯೂ ಮೊದಲಿನಿಂದ ಬಳಕೆಯಲ್ಲಿದ್ದಿತು. ಇದರಿಂದ ಒಂದೇ ಶಬ್ದ ಒಂದು ಗಣಕದಲ್ಲಿ ಸರಿಯಾಗಿಯೂ ಇನ್ನೊಂದರಲ್ಲಿ ತಪ್ಪಾಗಿಯೂ ಕಾಣುತ್ತಿತ್ತು.

ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಇವೆಲ್ಲ ಬಳಸುವ ಜೋಡಣಾಯಂತ್ರ ಒಂದೇ. ಅದರ ಹೆಸರು ಹಾರ್ಫ್‌ಬಜ್. ಬೆಹ್ದಾದ್ ಎಸ್ಫಹ್‌ಬೋದ್ ಎಂಬ ಇರಾನಿ ಮೂಲದ ತಜ್ಞರು ಬೆಳೆಸಿದ ಈ ತಂತ್ರಾಂಶದ ಹೆಸರಿಗೆ ಪಾರಸಿಯಲ್ಲಿ 'ತೆರೆದ ಅಕ್ಷರ' ಎಂದರ್ಥ. ಅದರ ದೋಷಪಟ್ಟಿ ಎಲ್ಲರಿಗೂ ತೆರೆದಿರುತ್ತದೆ. ಅಲ್ಲಿ ಈ ಕನ್ನಡದ ತೊಡಕನ್ನು ವರದಿಮಾಡಿದ ಮೇಲೆ, ಹಳೆಯ ರೂಢಿಯಲ್ಲಿ ಬರೆದ ಪಠ್ಯವನ್ನೂ ಹೊಸ ವಿಧಿಯಂತೆಯೇ ಚಿತ್ರಿಸತಕ್ಕದ್ದೆಂದು ಕನ್ನಡಕ್ಕಾಗಿಯೇ ಒಂದು ನಿಯಮವನ್ನು ಸೇರಿಸಲಾಯಿತು. ಕೆಲವೇ ಸಾಲುಗಳ ತಿದ್ದುಪಡಿ ಅದು. ಅದರ ಫಲ ಮಾತ್ರ ಆ ಯಂತ್ರವನ್ನು ಬಳಸುವ ಎಲ್ಲ ತಂತ್ರಾಂಶಗಳಿಗೂ ಹರಡಿತು. ಹಳೆಯ ಪಠ್ಯಗಳಲ್ಲಿ ಒಂದಕ್ಷರವನ್ನೂ ಯಾರೂ ಕೈಯಿಂದ ತಿದ್ದಬೇಕಾಗಲಿಲ್ಲ.

ಎಲ್ಲ ದೋಷಗಳೂ ಇಷ್ಟು ಸೌಮ್ಯವಲ್ಲ. ೨೦೧೮ರ ಫೆಬ್ರವರಿಯಲ್ಲಿ ತೆಲುಗಿನ ಒಂದು ಸಂಯುಕ್ತಾಕ್ಷರವನ್ನು ಚಿತ್ರಿಸಲು ಹೋಗಿ ಐಫೋನಿನ ತಂತ್ರಾಂಶಗಳು ಕುಸಿದುಬೀಳತೊಡಗಿದವು. ಆಪಲ್ ಸಂಸ್ಥೆ ಅದೇ ತಿಂಗಳ ೧೯ರಂದು ೧೧.೨.೬ನೆಯ ಆವೃತ್ತಿಯನ್ನು ಹೊರಡಿಸಿ ಅದನ್ನು ಸರಿಪಡಿಸಿತು. ಎಂದೆಂದಿಗೂ ತಿದ್ದಲಾಗದ ತಪ್ಪುಗಳೂ ಉಂಟು. ಹಳಗನ್ನಡದ 'ೞ' ಅಕ್ಷರಕ್ಕೆ ಯೂನಿಕೋಡಿನ ಪಟ್ಟಿಯಲ್ಲಿ ತಪ್ಪಾಗಿ 'ಫಾ' ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಸಂಸ್ಥೆಯ ಕಟ್ಟಳೆಯಾದುದರಿಂದ, ಸರಿಯಾದ ಹೆಸರನ್ನು ಪರ್ಯಾಯವಾಗಿ ಸೂಚಿಸಿ ತೃಪ್ತಿಪಡಬೇಕಾಗಿದೆ. ಇದಕ್ಕೆ ಪ್ರತಿಯಾಗಿ, ಪದಾಂತ್ಯದ ಅರ್ಧನಕಾರಕ್ಕೆ ಹಿಂದಿನವರು ಬಳಸುತ್ತಿದ್ದ 'ನಕಾರ ಪೊಲ್ಲು' ೨೦೨೧ರ ೧೪.೦ನೆಯ ಆವೃತ್ತಿಯಲ್ಲಿ ಸ್ಥಾನ ಪಡೆಯಿತು. ಹಳೆಯ ಗ್ರಂಥಗಳನ್ನು ಯಥಾವತ್ತಾಗಿ ಉದ್ಧರಿಸಬೇಕಾದ ಸಂಶೋಧಕರಿಗೆ ಇದು ಸಣ್ಣ ಲಾಭವಲ್ಲ.

೫

ನಿಂತ ಪುಟದ ಕನ್ನಡ ಇಷ್ಟರಮಟ್ಟಿಗೆ ಸುಧಾರಿಸಿದರೂ ಚಲಿಸುವ ಚಿತ್ರದ ಕನ್ನಡ ಹಿಂದುಳಿದಿದೆ. ಅನಿಮೇಷನ್ ತಂತ್ರಾಂಶಗಳು ಬೆಳಕು, ನೆರಳು, ಚಲನೆಗಳನ್ನು ಚಿತ್ರಿಸುವುದರಲ್ಲಿ ಎಷ್ಟೇ ನಿಪುಣವಾಗಿದ್ದರೂ ಅಕ್ಷರಜೋಡಣೆ ಅವುಗಳಿಗೆ ಬಹುಕಾಲ ಗೌಣವಿಷಯವಾಗಿದ್ದಿತು. ಬ್ಲೆಂಡರ್ ಎಂಬ ತಂತ್ರಾಂಶವನ್ನೇ ನೋಡಬಹುದು. ನೆದರ್‌ಲೆಂಡ್ಸಿನ ಟೋನ್ ರೋಸೆನ್‌ದಾಲ್ ಅವರು ಮೊದಲುಮಾಡಿದ ಇದನ್ನು ೨೦೦೨ರಲ್ಲಿ ಸಾರ್ವಜನಿಕರಿಂದ ಒಂದು ಲಕ್ಷ ಯೂರೋ ಸಂಗ್ರಹಿಸಿ ಮುಕ್ತ ತಂತ್ರಾಂಶವನ್ನಾಗಿ ಮಾಡಲಾಯಿತು. ೨೦೨೦ರ ೨.೮೩ನೆಯ ಆವೃತ್ತಿಯಿಂದ ಮೊದಲ್ಗೊಂಡು, ಕೆಲವು ಆವೃತ್ತಿಗಳಿಗೆ ಎರಡು ವರ್ಷಗಳ ಕಾಲ ದೋಷಪರಿಹಾರಗಳನ್ನು ಮಾತ್ರ ಒದಗಿಸುವ ಪದ್ಧತಿಯೂ ಅದರಲ್ಲಿ ಬಂದಿತು. ಅದರಿಂದ ರಚಿತವಾದ ಲಾಟ್ವಿಯಾದ 'ಫ್ಲೋ' ಚಿತ್ರಕ್ಕೆ ೨೦೨೫ರಲ್ಲಿ ಆಸ್ಕರ್ ದೊರೆಯಿತು. ಆದರೂ ೨೦೨೩ರ ೪.೦ನೆಯ ಆವೃತ್ತಿಯಲ್ಲಿ ಕೂಡ ಅದರ ಪಠ್ಯವಸ್ತು ಒಂದು ಸಂಕೇತದ ಪಕ್ಕದಲ್ಲಿ ಇನ್ನೊಂದನ್ನು ಇಡುತ್ತಿದ್ದಿತೇ ಹೊರತು ಕನ್ನಡದ ಒತ್ತನ್ನು ಕಟ್ಟುತ್ತಿರಲಿಲ್ಲ. ಅಲ್ಲಿ 'ಡೊಂಬಿವಲಿ' ಸೊಟ್ಟಗಾದರೂ ಓದಲು ಬಂದೀತು. 'ಕಲ್ಯಾಣ' ಮಾತ್ರ ಲಕಾರ, ಹಲಂತ, ಯಕಾರಗಳಾಗಿ ಒಡೆದುಹೋಗುತ್ತದೆ.

ಇದಕ್ಕೆ ಉಪಾಯವಿಲ್ಲದೆ ಇಲ್ಲ. ಇಂಕ್‌ಸ್ಕೇಪಿನಂತಹ ರೇಖಾಚಿತ್ರದ ತಂತ್ರಾಂಶದಲ್ಲಿ ಪದವನ್ನು ಸರಿಯಾಗಿ ಜೋಡಿಸಿ, ರೇಖೆಗಳನ್ನಾಗಿ ಪರಿವರ್ತಿಸಿ, ಬ್ಲೆಂಡರಿಗೆ ಒಯ್ಯಬಹುದು. ಆದರೆ ಆಗ ಅದು ಪಠ್ಯವಾಗಿ ಉಳಿಯದೆ ಚಿತ್ರವಾಗುತ್ತದೆ. ಒಂದು ಹೆಸರಿನ ಕಾಗುಣಿತವನ್ನು ತಿದ್ದಬೇಕಾದರೂ ಮೊದಲಿನಿಂದ ಮಾಡಬೇಕು. ಅಡೋಬಿಯ ಆಫ್ಟರ್ ಇಫೆಕ್ಟ್ಸ್‌ನಲ್ಲಿ ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯದ ಲಿಪಿಗಳಿಗಾಗಿ ಹಿಂದೆ ಬೇರೆಯೇ ಒಂದು ಆಯ್ಕೆಯಿದ್ದಿತು; ಅದನ್ನು ಆರಿಸದೆ ಕನ್ನಡವನ್ನು ಹಾಕಿದವರು ದೋಷ ಫಾಂಟಿನದೆಂದು ಭಾವಿಸುತ್ತಿದ್ದುದುಂಟು. ಜೋಡಣೆ ಸರಿಯಾದ ಮೇಲೂ, ಕೆಳಗಿಳಿಯದ ರೋಮನ್ ಅಕ್ಷರಕ್ಕೆ ಅಳೆದಿಟ್ಟ ಚೌಕಟ್ಟಿನಲ್ಲಿ 'ಮಹಾರಾಷ್ಟ್ರ'ದ ಒತ್ತುಗಳು ಕತ್ತರಿಸಿಹೋಗಬಹುದು. ಈ ತೊಂದರೆಗಳಿಂದಲೇ ಹಲವು ವಿಡಿಯೋ ಅಂಗಡಿಗಳು ಹಳೆಯ ತುಂಡುಫಾಂಟುಗಳನ್ನು ಇನ್ನೂ ಬಿಟ್ಟಿಲ್ಲ. ಕುಶಲಕರ್ಮಿಯ ದೃಷ್ಟಿಯಿಂದ ಅದು ತಪ್ಪೆನ್ನುವಂತಿಲ್ಲ. ಕೆಲಸ ಹೊತ್ತಿಗೆ ಮುಗಿಯಬೇಕಲ್ಲವೇ?

ಇನ್ನೂ ಸೂಕ್ಷ್ಮವಾದುದು ಅಕ್ಷರವೆಂದರೇನೆಂಬ ಪ್ರಶ್ನೆ. ಶೀರ್ಷಿಕೆಯನ್ನು ಒಂದೊಂದೇ ಅಕ್ಷರವಾಗಿ ಮೂಡಿಸುವುದು ಅನಿಮೇಷನ್ನಿನ ಸಾಮಾನ್ಯ ಚಮತ್ಕಾರ. ಛಂದಸ್ಸನ್ನು ಬಲ್ಲ ಕನ್ನಡಿಗನಿಗೆ 'ಷ್ಟ್ರೀ' ಒಂದೇ ಅಕ್ಷರ. ಯಂತ್ರಕ್ಕೆ ಅದನ್ನು ತಿಳಿಸುವ ವಿಧಿ ಯೂನಿಕೋಡಿನಲ್ಲಿದೆ. ಹಿಂದೆ ಆ ವಿಧಿ ಹಲಂತದ ಬಳಿ ಅಕ್ಷರವನ್ನು ತುಂಡರಿಸುತ್ತಿದ್ದಿತು. ೨೦೨೩ರ ೧೫.೧ನೆಯ ಆವೃತ್ತಿಯಲ್ಲಿ ಸಂಯುಕ್ತಾಕ್ಷರವನ್ನು ಒಡೆಯಬಾರದೆಂಬ ಹೊಸ ನಿಯಮ ಬಂದಿತು. ಅದು ಅನ್ವಯಿಸಿದ ಲಿಪಿಗಳು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಎಂದು ಆರು. ಸೋದರಲಿಪಿಯಾದ ತೆಲುಗು ಆ ಪಟ್ಟಿಯಲ್ಲಿದ್ದಿತು, ಕನ್ನಡ ಇರಲಿಲ್ಲ. ಆ ಆವೃತ್ತಿಯನ್ನು ಅನುಸರಿಸುವ ತಂತ್ರಾಂಶದಲ್ಲಿ ಮರಾಠಿಯ 'ರಾಷ್ಟ್ರೀಯ' ಅಖಂಡವಾಗಿ ಮೂಡಿದರೆ, ಕನ್ನಡದ 'ರಾಷ್ಟ್ರೀಯ' ಷ್, ಟ್, ರೀ ಎಂಬ ಮೂರು ತುಂಡುಗಳಾಗಿ ಬರುತ್ತದೆ.

೬

ಇಲ್ಲಿ ಹೊರನಾಡಿನ ಕನ್ನಡಿಗರ ಹೊಣೆ ಗೋಚರವಾಗುತ್ತದೆ. ಬೆಂಗಳೂರಿನ ಅಂಗಡಿಯಲ್ಲಿ ಒಡೆದ ಅಕ್ಷರವನ್ನು ಕೆಲಸಗಾರನೇ ಗುರುತಿಸಿಯಾನು. ಥಾಣೆಯಲ್ಲಿಯೋ ಕಲ್ಯಾಣದಲ್ಲಿಯೋ ಯಂತ್ರದ ಮುಂದೆ ಕೂತವನು ಸಾಮಾನ್ಯವಾಗಿ ದೇವನಾಗರಿಯನ್ನು ಓದುವವನು. ಕನ್ನಡದ ತಪ್ಪು ಅವನ ಕಣ್ಣಿಗೆ ತಪ್ಪಾಗಿ ಕಾಣಲಾರದು. ಪರೀಕ್ಷಕನೂ ಗಿರಾಕಿಯೂ ಒಬ್ಬನೇ ಆದಲ್ಲಿ ಗಿರಾಕಿ ಸುಮ್ಮನಿದ್ದರೆ ದೋಷವೇ ರೂಢಿಯಾಗುತ್ತದೆ.

ದೋಷದ ನೆಲೆಯನ್ನು ಕಂಡುಹಿಡಿಯುವುದು ಕಠಿನವಲ್ಲ. ಅದೇ ಪದವನ್ನು ಬ್ರೌಸರಿನಲ್ಲಿ ಇಟ್ಟು ನೋಡಬೇಕು. ಅಲ್ಲಿ ಸರಿಯಿದ್ದು ಅನಿಮೇಷನ್ ತಂತ್ರಾಂಶದಲ್ಲಿ ಮಾತ್ರ ಒಡೆದರೆ ತಪ್ಪು ಆ ತಂತ್ರಾಂಶದ್ದು ಅಥವಾ ಅದರ ಆಯ್ಕೆಯದು. ಫಾಂಟನ್ನು ಬದಲಿಸಿದೊಡನೆ ಸರಿಹೋದರೆ ತಪ್ಪು ಫಾಂಟಿನದು. ಎಲ್ಲೆಡೆಯೂ ಎಲ್ಲ ಫಾಂಟಿನಲ್ಲಿಯೂ ಒಡೆದರೆ ಪಠ್ಯವನ್ನೇ ಪರಿಶೀಲಿಸಬೇಕು. ವರದಿಮಾಡುವಾಗ ಪದ, ಫಾಂಟಿನ ಹೆಸರು, ತಂತ್ರಾಂಶದ ಆವೃತ್ತಿ, ಕಂಡ ರೂಪ, ಕಾಣಬೇಕಾದ ರೂಪ ಈ ಐದನ್ನು ಕೊಟ್ಟರೆ ಕನ್ನಡವನ್ನರಿಯದ ತಜ್ಞನೂ ಅದನ್ನು ತಿದ್ದಬಲ್ಲನು. ಪ್ರತಿಯೊಂದು ಸಂಘವೂ 'ರಾಷ್ಟ್ರೀಯ, ಕಲ್ಯಾಣ, ಕೀರ್ತಿ, ರ‍್ಯಾಲಿ, ವೈಶಿಷ್ಟ್ಯ' ಇಂತಹ ಹತ್ತಾರು ಪದಗಳ ಒಂದು ಪಟ್ಟಿಯನ್ನು ಇಟ್ಟುಕೊಂಡು, ಹೊಸ ಆವೃತ್ತಿ ಬಂದಾಗಲೆಲ್ಲ ಅವನ್ನು ಬರೆಯಿಸಿ ನೋಡುವುದು ಉಚಿತ. ಯೂನಿಕೋಡ್ ಸಂಸ್ಥೆಯೂ ತನ್ನ ವಿಧಿಗಳ ಬಗ್ಗೆ ಸಾರ್ವಜನಿಕರಿಂದ ಅಭಿಪ್ರಾಯವನ್ನು ಸ್ವೀಕರಿಸುತ್ತದೆ. ವ್ಯಾಕರಣ, ಛಂದಸ್ಸುಗಳ ಬಲವುಳ್ಳ ವಿದ್ವಾಂಸರು 'ಇದು ಒಂದೇ ಅಕ್ಷರ' ಎಂದು ಸಪ್ರಮಾಣವಾಗಿ ಬರೆದರೆ ಅದಕ್ಕೆ ಬೆಲೆಯುಂಟು.

ಒಂದು ಕಾಲಕ್ಕೆ ಅಚ್ಚುಕೂಟದ ಮೊಳೆಗಳು ಕನ್ನಡದ ರೂಪವನ್ನು ನಿಶ್ಚಯಿಸಿದವು. ಇಂದು ಆ ಕೆಲಸವನ್ನು ದೂರದಲ್ಲಿ ಬರೆದ ನಿಯಮಗಳು ಮಾಡುತ್ತಿವೆ. ಮೊಳೆ ಸವೆದರೆ ಹೊಸದನ್ನು ಎರೆಯಬೇಕಾಗಿದ್ದಿತು. ನಿಯಮ ತಪ್ಪಿದರೆ ಬಲ್ಲವರು ಎತ್ತಿ ತೋರಿಸಿದರೆ ಸಾಕು, ಮುಂದಿನ ಆವೃತ್ತಿಯಲ್ಲಿ ತಿದ್ದುಪಡಿ ಬಂದೀತು. ತೋರಿಸುವವರಿಲ್ಲದಿದ್ದರೆ ಆವೃತ್ತಿಗಳು ಎಷ್ಟು ಬಂದರೂ ತಪ್ಪು ಅಲ್ಲಿಯೇ ಉಳಿಯುತ್ತದೆ.