ಎರಡೆಕರೆ ಭೂಮಿ, ಒಂದು ಸಂಸಾರ

ನಮ್ಮ ದೇಶದಲ್ಲಿ ಒಂದು ಹೆಕ್ಟೇರಿಗಿಂತ, ಎಂದರೆ ಸುಮಾರು ಎರಡೂವರೆ ಎಕರೆಗಿಂತ, ಕಡಮೆ ಭೂಮಿಯುಳ್ಳವರನ್ನು ಅತಿ ಸಣ್ಣ ರೈತರೆಂದೂ ಒಂದರಿಂದ ಎರಡು ಹೆಕ್ಟೇರಿನವರೆಗೆ ಭೂಮಿಯುಳ್ಳವರನ್ನು ಸಣ್ಣ ರೈತರೆಂದೂ ವಿಂಗಡಿಸಲಾಗಿದೆ. 2015-16ನೇ ಸಾಲಿನ ಕೃಷಿ ಗಣತಿಯ ಪ್ರಕಾರ ಒಟ್ಟು ಹಿಡುವಳಿಗಳಲ್ಲಿ ನೂರಕ್ಕೆ 86ರಷ್ಟು ಈ ಎರಡು ವರ್ಗಗಳಿಗೆ ಸೇರಿವೆ. ಹೀಗಿರುವಾಗ, ತುಂಡು ಭೂಮಿಯನ್ನೇ ನಂಬಿ ಒಂದು ಸಂಸಾರ ಬಾಳಬಹುದೇ ಎಂಬುದು ಕೋಟ್ಯಂತರ ಮನೆಗಳ ಪ್ರಶ್ನೆ. 2018-19ನೇ ಕೃಷಿ ವರ್ಷವನ್ನು ಕುರಿತು ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ ದೊರೆತ ಉತ್ತರ ಹರ್ಷದಾಯಕವಾಗಿಲ್ಲ. ಕೃಷಿಕ ಕುಟುಂಬವೊಂದರ ಸರಾಸರಿ ಮಾಸಿಕ ಆದಾಯ 10,218 ರೂಪಾಯಿ. ಇದರಲ್ಲಿ ಬೆಳೆಯಿಂದ ಬಂದುದು 3,798 ರೂಪಾಯಿ. ಕೂಲಿ ಮತ್ತು ಸಂಬಳದಿಂದ ಬಂದುದು 4,063 ರೂಪಾಯಿ. ರೈತನೆಂದು ಕರೆಸಿಕೊಳ್ಳುವವನು ತನ್ನ ಹೊಲದಲ್ಲಿ ಗಳಿಸುವುದಕ್ಕಿಂತ ಪರರ ಕೆಲಸದಲ್ಲಿ ಹೆಚ್ಚು ಗಳಿಸುತ್ತಿದ್ದನೆಂದು ಇದರ ಅರ್ಥ.

ಆದರೆ ಭೂಮಿ ಚಿಕ್ಕದೆಂಬುದೊಂದೇ ಇದಕ್ಕೆ ಕಾರಣವೆಂದು ಹೇಳುವಂತಿಲ್ಲ. ಐದು ಜನರಿರುವ ಮನೆಗೆ ತಿಂಗಳಿಗೆ 50 ಕಿಲೋ ಅಕ್ಕಿ ಬೇಕೆಂದು ಭಾವಿಸೋಣ. ವರ್ಷಕ್ಕೆ 600 ಕಿಲೋ ಆಯಿತು. ಅಷ್ಟು ಅಕ್ಕಿಗೆ ಸುಮಾರು 9 ಕ್ವಿಂಟಾಲ್ ಭತ್ತ ಸಾಕು. ನೀರಾವರಿ ಗದ್ದೆಯಲ್ಲಿ ಎಕರೆಗೆ 16 ಕ್ವಿಂಟಾಲ್ ಭತ್ತ ಅಸಾಧಾರಣ ಇಳುವರಿಯೇನಲ್ಲ. ಅರ್ಧ ಎಕರೆಗಿಂತ ತುಸು ಹೆಚ್ಚು ಗದ್ದೆಯಿದ್ದರೆ ಊಟದ ಅಕ್ಕಿಯ ಚಿಂತೆ ನೀಗುತ್ತದೆ. ಈ ಲೆಕ್ಕದಲ್ಲಿ 'ನೀರಾವರಿ' ಎಂಬ ಒಂದು ಪದವನ್ನು ಅಳಿಸಿದರೆ ಮಾತ್ರ ಉಳಿದ ಅಂಕಿಗಳೆಲ್ಲ ಕುಸಿದುಬೀಳುತ್ತವೆ.

ಚೆನ್ನೈ ನಗರದ ಪಶ್ಚಿಮ ಭಾಗದಲ್ಲಿರುವ ಪೋರೂರು ಇದಕ್ಕೊಂದು ನಿದರ್ಶನ. ಈಗ ಅಲ್ಲಿ ಮೇಲ್ಸೇತುವೆ, ಆಸ್ಪತ್ರೆ, ಕಚೇರಿಗಳ ಬಹುಮಹಡಿ ಕಟ್ಟಡಗಳಿವೆ. ಹಿಂದೆ ಅದು ಕೆರೆಯ ನೀರಿನಿಂದ ಭತ್ತ ಬೆಳೆಯುತ್ತಿದ್ದ ಗ್ರಾಮ. ನಾವು ಕನ್ನಡಿಗರು ಕೆರೆಯ ಕಟ್ಟೆಯನ್ನು ಏರಿ ಎನ್ನುತ್ತೇವೆ. ತಮಿಳಿನಲ್ಲಿ ಕೆರೆಗೇ ಏರಿ ಎಂದು ಹೆಸರು. ಕಟ್ಟೆಯಿಲ್ಲದೆ ಕೆರೆಯಿಲ್ಲವೆಂಬುದನ್ನು ಎರಡು ಭಾಷೆಗಳೂ ತಮ್ಮ ತಮ್ಮ ರೀತಿಯಲ್ಲಿ ನೆನಪಿಟ್ಟುಕೊಂಡಿವೆ. ಆ ಪ್ರದೇಶದ ಮಳೆಯಲ್ಲಿ ಹೆಚ್ಚಿನ ಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರಿನಲ್ಲಿ, ಕೆಲವೇ ದಿನಗಳಲ್ಲಿ, ಸುರಿದುಹೋಗುತ್ತದೆ. ಅದನ್ನು ತಡೆದು ನಿಲ್ಲಿಸಿ, ತೂಬಿನ ಮೂಲಕ ಅಚ್ಚುಕಟ್ಟಿನ ಗದ್ದೆಗಳಿಗೆ ಹಂಚುವ ಕಾರ್ಯವನ್ನು ಕೆರೆಗಳು ನೆರವೇರಿಸುತ್ತಿದ್ದವು. ಹೂಳೆತ್ತುವುದು, ಕಟ್ಟೆಯನ್ನು ದುರಸ್ತಿ ಮಾಡುವುದು ಊರಿನವರ ಹೊಣೆ. ಈ ಪದ್ಧತಿಗೆ ಅಲ್ಲಿ ಕುಡಿಮರಾಮತ್ತು ಎಂದು ಹೆಸರು. ಒಂದೆರಡು ಎಕರೆಯ ಒಡೆಯನು ತಾನೊಬ್ಬನೇ ಕೆರೆ ಕಟ್ಟಲಾರ. ಊರು ಕಟ್ಟಿದ ಕೆರೆಯಲ್ಲಿ ಅವನಿಗೊಂದು ಪಾಲಿತ್ತು.

ನಗರವು ಬೆಳೆದಂತೆ ಗದ್ದೆಗಳು ನಿವೇಶನಗಳಾದವು. ಕೆರೆಯೂ ಕುಗ್ಗಿತು, ಉಳಿದ ನೀರು ನಗರದ ಕುಡಿಯುವ ನೀರಿನ ಮೂಲಗಳಲ್ಲಿ ಒಂದಾಯಿತು. 2011ರಲ್ಲಿ ಪೋರೂರು ಚೆನ್ನೈ ಮಹಾನಗರ ಪಾಲಿಕೆಯಲ್ಲಿ ವಿಲೀನಗೊಂಡಿತು. 2019ರ ಬೇಸಿಗೆಯಲ್ಲಿ ಚೆನ್ನೈಯ ಜಲಾಶಯಗಳು ಬರಿದಾದಾಗ, ಪೋರೂರಿಗೆ ಸಮೀಪದ ಸಿಕ್ಕರಾಯಪುರದ ಕಲ್ಲುಗಣಿಗಳಲ್ಲಿ ನಿಂತಿದ್ದ ನೀರನ್ನು ಶುದ್ಧೀಕರಿಸಿ ನಗರಕ್ಕೆ ಒದಗಿಸಬೇಕಾಯಿತು.

ಪೋರೂರಿನಲ್ಲಿ ನೀರಿತ್ತು, ಗದ್ದೆ ಹೋಯಿತು. ಇದಕ್ಕೆ ತದ್ವಿರುದ್ಧವಾದ ನಿದರ್ಶನವು ಕರ್ನಾಟಕದ ಕರಾವಳಿಯಲ್ಲಿದೆ. ಅಲ್ಲಿ ಭೂಮಿ ದೊರೆಯಿತು, ನೀರಿರಲಿಲ್ಲ.

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನಲ್ಲಿ, ಅಡ್ಯನಡ್ಕದ ಬಳಿ, ಕೇಪು ಎಂಬ ಗ್ರಾಮವಿದೆ. ಅಲ್ಲಿನ ಅಮೈ ಮಹಾಲಿಂಗ ನಾಯ್ಕರು ಪರರ ತೋಟಗಳಲ್ಲಿ ಅಡಕೆ, ತೆಂಗಿನ ಮರಗಳನ್ನು ಏರಿ ಕೂಲಿ ಮಾಡುತ್ತಿದ್ದವರು. 1978ರಲ್ಲಿ ಅವರಿಗೆ ಭೂಮಾಲಿಕರೊಬ್ಬರಿಂದ ಎರಡು ಎಕರೆ ಭೂಮಿ ದೊರೆಯಿತು. ಭೂಮಿ ಎಂಬುದು ಹೆಸರಿಗೆ ಮಾತ್ರ. ಅದು ಗುಡ್ಡದ ಇಳಿಜಾರು, ಹುಲ್ಲು ಮತ್ತು ಮುರಕಲ್ಲು. ಬಾವಿ ತೋಡಲು ಆಳುಗಳನ್ನು ಗೊತ್ತುಮಾಡುವ ಶಕ್ತಿ ಅವರಲ್ಲಿರಲಿಲ್ಲ. ಆದುದರಿಂದ ಅವರು ಸುರಂಗದ ಮಾರ್ಗವನ್ನು ಆಯ್ದುಕೊಂಡರು.

ಸುರಂಗವೆಂದರೆ ಗುಡ್ಡದ ಒಡಲೊಳಕ್ಕೆ ಅಡ್ಡಲಾಗಿ ಕೊರೆದ ಬಾವಿ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ತೆಂಕಣ ಭಾಗದಲ್ಲಿ ಇದು ಹಳೆಯ ರೂಢಿ. ಕರಾವಳಿಯಲ್ಲಿ ಮಳೆಗೆ ಕೊರತೆಯಿಲ್ಲ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಬಿದ್ದ ನೀರು ಇಳಿಜಾರಿನಲ್ಲಿ ಹರಿದು ಕಡಲು ಸೇರುತ್ತದೆ. ಮುರಕಲ್ಲಿನ ರಂಧ್ರಗಳಲ್ಲಿ ಇಂಗಿದ ಅಷ್ಟಿಷ್ಟು ನೀರು ಗುಡ್ಡದೊಳಗೆ ನಿಧಾನವಾಗಿ ಜಿನುಗುತ್ತಿರುತ್ತದೆ. ಒಬ್ಬ ಮನುಷ್ಯನು ನಿಂತು ಪಿಕ್ಕಾಸು ಬೀಸಲು ಸಾಧ್ಯವಾಗುವಷ್ಟು ಎತ್ತರ, ಮೈ ತೂರುವಷ್ಟು ಅಗಲ ಇಟ್ಟುಕೊಂಡು ಆ ಒರತೆಯನ್ನು ಅರಸುತ್ತ ಒಳಹೋಗಬೇಕು. ನೆಲವನ್ನು ಬಾಗಿಲ ಕಡೆಗೆ ತುಸು ಇಳಿಜಾರಾಗಿ ಬಿಟ್ಟರೆ ನೀರು ತಾನಾಗಿಯೇ ಹೊರಬರುತ್ತದೆ. ಹಗ್ಗ, ರಾಟೆ, ಪಂಪು, ವಿದ್ಯುತ್ತು ಯಾವುದೂ ಬೇಕಿಲ್ಲ. ಕೆಲಸವು ಅಪಾಯಕರವೆಂಬುದನ್ನೂ ಹೇಳಬೇಕು. ಮೆದು ಮಣ್ಣಿನ ಪದರ ಸಿಕ್ಕಿದರೆ ಸುರಂಗ ಕುಸಿಯಬಹುದು. ಒಳಹೋದಂತೆ ಗಾಳಿ ಕಡಮೆಯಾಗುತ್ತದೆ; ದೀಪ ನಂದಿತೆಂದರೆ ಅಗೆಯುವವನು ಕೂಡಲೆ ಹೊರಬರಬೇಕು.

ನಾಯ್ಕರು ಹಗಲು ಕೂಲಿಗೆ ಹೋಗಿ, ಮರಳಿದ ಮೇಲೆ ಒಬ್ಬರೇ ಅಗೆದರು. ಮೊದಲ ಸುರಂಗದಲ್ಲಿ ನೀರು ಬರಲಿಲ್ಲ. ಎರಡನೆಯದರಲ್ಲಿಯೂ ಬರಲಿಲ್ಲ. ಐದು ಸುರಂಗಗಳು ವ್ಯರ್ಥವಾದವು, ನೆರೆಹೊರೆಯವರು ನಕ್ಕರು. ಆರನೆಯದರಲ್ಲಿ ನೀರು ದೊರೆಯಿತು. ಬಳಿಕ ಅವರು ಇಳಿಜಾರನ್ನು ಹಂತ ಹಂತವಾಗಿ ಸಮತಟ್ಟು ಮಾಡಿ, ಕಲ್ಲು ಹೊತ್ತು ತಂದು ತಡೆಗೋಡೆ ಕಟ್ಟಿ ತೋಟವನ್ನೆಬ್ಬಿಸಿದರು. ಸುಮಾರು 300 ಅಡಕೆ, 75 ತೆಂಗು, ಜೊತೆಗೆ ಬಾಳೆ, ಕರಿಮೆಣಸು, ಗೇರು ಅಲ್ಲಿ ಬೆಳೆದವು. 2022ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿ ಗೌರವಿಸಿತು.

ಸುರಂಗದ ನೀರು ಬಲು ಸಣ್ಣ ಧಾರೆ. ಅದು ತೋಟಕ್ಕೆ ಹೇಗೆ ಸಾಲುತ್ತದೆಂದು ಓದುಗರು ಕೇಳಬಹುದು. ಹನಿ ನೀರಾವರಿಯಲ್ಲಿ ಅಡಕೆ ಮರವೊಂದಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು. 300 ಮರಗಳಿಗೆ ಹೆಚ್ಚೆಂದರೆ 6,000 ಲೀಟರ್. ನಿಮಿಷಕ್ಕೆ ನಾಲ್ಕು ಲೀಟರಿನಂತೆ ಹರಿಯುವ ಧಾರೆ ಒಂದು ಹಗಲು ಒಂದು ರಾತ್ರಿಯಲ್ಲಿ 5,760 ಲೀಟರ್ ನೀಡುತ್ತದೆ. ಹಗಲಿರುಳು ಹರಿಯುವುದನ್ನು ಹಿಡಿದಿಡಲು ತೊಟ್ಟಿಯೊಂದು ಇರಬೇಕು, ಅಷ್ಟೆ. ಹಿಂದಿನವರು ಸುರಂಗದಿಂದ ತೊಟ್ಟಿಗೆ ನೀರನ್ನು ಸೀಳಿದ ಅಡಕೆ ಮರದ ದಂಬೆಯಲ್ಲಿ ಹರಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಕೊಳವೆ ಬಂದಿದೆ.

ಸ್ಥಳದ ಲೆಕ್ಕವೂ ಹೀಗೆಯೇ ಸ್ವಾರಸ್ಯಕರವಾಗಿದೆ. ಶಿಫಾರಸು ಮಾಡಿರುವ 2.7 ಮೀಟರ್ ಅಂತರದಲ್ಲಿ ನೆಟ್ಟರೆ 300 ಅಡಕೆ ಗಿಡಗಳಿಗೆ ಅರ್ಧ ಎಕರೆಗಿಂತ ಸ್ವಲ್ಪವೇ ಹೆಚ್ಚು ಜಾಗ ಸಾಕು. ಅಡಕೆಯ ಕಾಂಡವೇ ಮೆಣಸಿನ ಬಳ್ಳಿಗೆ ಆಸರೆ. ಸಾಲುಗಳ ನಡುವೆ ಬಾಳೆ. ಇದರಲ್ಲಿ ಕಾಲದ ಲೆಕ್ಕಾಚಾರವೂ ಅಡಗಿದೆ. ಅಡಕೆ ಫಲಕ್ಕೆ ಬರಲು ಐದರಿಂದ ಏಳು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಮನೆಯ ಒಲೆ ಉರಿಯಬೇಕು. ಬಾಳೆ ವರ್ಷದೊಳಗೆ ಗೊನೆ ಹಾಕುತ್ತದೆ, ತರಕಾರಿ ಕೆಲವೇ ವಾರಗಳಲ್ಲಿ ಕೈಗೆ ಬರುತ್ತದೆ. ದೊಡ್ಡ ಹಿಡುವಳಿದಾರನು ಏಳು ವರ್ಷ ಕಾಯಬಲ್ಲ. ಸಣ್ಣವನು ಕಾಯುತ್ತಿರುವಾಗಲೇ ಉಣ್ಣಬೇಕಾದವನು.

ಗೊಬ್ಬರದ ವಿಷಯದಲ್ಲಿ ಹಸುವಿನ ಸ್ಥಾನ ದೊಡ್ಡದು. ಅಡಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ, 12 ಕಿಲೋ ಕೊಟ್ಟಿಗೆ ಗೊಬ್ಬರ ಹಾಕಬೇಕೆಂಬುದು ತಜ್ಞರ ಸಲಹೆ. 300 ಮರಗಳಿಗೆ 3,600 ಕಿಲೋ ಗೊಬ್ಬರವಾಯಿತು. ದಿನಕ್ಕೆ 10 ಕಿಲೋ ಸೆಗಣಿ ಕೊಡುವ ಹಸುಗಳೆರಡಿದ್ದು, ತರಗೆಲೆಯನ್ನು ಸೇರಿಸಿದರೆ ಈ ಮೊತ್ತ ಮನೆಯಲ್ಲಿಯೇ ಹೊಂದುತ್ತದೆ, ಹಾಲು ಬೇರೆ. ಹಸಿರೆಲೆಯದೇ ತೊಡಕು. ಹಳೆಯ ವರ್ಗದಾರರಿಗೆ ತಮ್ಮ ಜಮೀನಿನಾಚೆ ನೂರು ಗಜದವರೆಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು ಕಡಿಯುವ ಕುಮ್ಕಿ ಸವಲತ್ತು ಇತ್ತು. ಗುಡ್ಡದ ತುಂಡು ಪಡೆದ ಕೂಲಿಗಾರನಿಗೆ ಅಂತಹ ಅನುಕೂಲ ಎಲ್ಲಿಯದು? ಅವನು ಬೇಲಿಯಲ್ಲಿಯೇ ಗೊಬ್ಬರದ ಗಿಡ ಬೆಳೆಸಿಕೊಳ್ಳಬೇಕು.

ಇಷ್ಟಾದರೂ ಭೂಮಿಯಿಂದ ಬಾಳುವುದೆಂದರೆ ಅಂಗಡಿಗೆ ಹೋಗದಿರುವುದೆಂದು ಯಾರೂ ಭಾವಿಸಬಾರದು. ಗುಡ್ಡದ ತೋಟದಲ್ಲಿ ಭತ್ತ ಬೆಳೆಯುವುದಿಲ್ಲ. ಅಕ್ಕಿ, ಉಪ್ಪು, ಬಟ್ಟೆ, ಔಷಧ, ಮಕ್ಕಳ ಪುಸ್ತಕ ಎಲ್ಲವನ್ನೂ ಅಡಕೆ ಮಾರಿದ ಹಣದಿಂದ ಕೊಳ್ಳಬೇಕು. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆ ಸ್ಥಾಪನೆಯಾದುದು ಅಡಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದ ಸಂದರ್ಭದಲ್ಲಿ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಮಳೆಗಾಲದ ಕೊಳೆರೋಗವೂ ಸಾಮಾನ್ಯ ಶತ್ರುವಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿ ತಯಾರಿಸುವ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುನ್ನ ಒಮ್ಮೆ, ಸುಮಾರು 40 ದಿನಗಳ ನಂತರ ಮತ್ತೊಮ್ಮೆ ಗೊನೆಗಳಿಗೆ ಸಿಂಪಡಿಸಬೇಕು. ಮಳೆ ಬಿಡುವು ಕೊಡದ ವರ್ಷ ಎರಡನೆಯ ಸಿಂಪರಣೆ ತಪ್ಪುತ್ತದೆ. ಮನೆಯ ಲೆಕ್ಕವೂ ತಪ್ಪುತ್ತದೆ.

ಸುರಂಗಗಳಿಗೂ ಈಗ ಕಷ್ಟಕಾಲ. ಕೊಳವೆಬಾವಿಗಳು ಹೆಚ್ಚಿ ಅಂತರ್ಜಲ ಕೆಳಗಿಳಿದ ಕಡೆಗಳಲ್ಲಿ ಹಳೆಯ ಒರತೆಗಳು ಬೇಸಿಗೆಗೆ ಮುನ್ನವೇ ಬತ್ತುತ್ತವೆ. ಸುರಂಗದ ಮೇಲ್ಭಾಗದ ಇಳಿಜಾರಿನಲ್ಲಿ ಇಂಗುಗುಂಡಿಗಳನ್ನು ತೋಡಿ ಮಳೆನೀರನ್ನು ನಿಲ್ಲಿಸುವುದು, ಗುಡ್ಡದ ತಲೆಯ ಮೇಲಿನ ಮರಗಳನ್ನು ಉಳಿಸುವುದು, ಮಳೆಗಾಲ ಕಳೆದೊಡನೆ ಸುರಂಗದೊಳಗೆ ಬಿದ್ದ ಮಣ್ಣನ್ನು ತೆಗೆಯುವುದು ಪ್ರತಿ ವರ್ಷವೂ ಮಾಡಬೇಕಾದ ಕೆಲಸಗಳು. ಅಡಕೆ ತೋಟದಲ್ಲಿ ಮಿಶ್ರ ಬೆಳೆ, ನೀರು ಮತ್ತು ಗೊಬ್ಬರದ ಪ್ರಮಾಣಗಳನ್ನು ಕುರಿತ ಮಾಹಿತಿಯನ್ನು ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ಪಡೆಯಬಹುದು. ಇತರ ಜಿಲ್ಲೆಗಳ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.