ಜಾಲತಾಣ ಮತ್ತು ಜಾಹೀರಾತು

ವೃತ್ತಪತ್ರಿಕೆಗಳಂತೆ ಅನೇಕ ಜಾಲತಾಣಗಳಿಗೂ ಜಾಹೀರಾತೇ ಜೀವನಾಧಾರ. 1994ರ ಅಕ್ಟೋಬರ್ 27ರಂದು ಅಮೆರಿಕದ ‘ಹಾಟ್‌ವೈರ್ಡ್’ ಜಾಲತಾಣವು ಪಟ್ಟಿಯಾಕಾರದ ‘ಬ್ಯಾನರ್’ ಜಾಹೀರಾತುಗಳನ್ನು ಪ್ರಕಟಿಸಿತು. ಅನಂತರ ಲೇಖನದ ನಡುವಣ ಚೌಕಗಳು, ಪುಟವನ್ನೇ ಮರೆಮಾಡುವ ‘ಪಾಪ್‌ಅಪ್’ಗಳು, ವೀಡಿಯೊಗಳು ಬಂದವು.

ಇವುಗಳಿಂದ ಹಣ ಬರುವ ಬಗೆ ಮುಖ್ಯವಾಗಿ ಎರಡು: ಸಾವಿರ ಪ್ರದರ್ಶನಗಳಿಗೆ ಇಂತಿಷ್ಟು, ಇಲ್ಲವೇ ಪ್ರತಿ ಕ್ಲಿಕ್ಕಿಗೆ ಇಂತಿಷ್ಟು. ಬ್ಯಾನರೊಂದು ಸಾವಿರ ಪ್ರದರ್ಶನಗಳಿಗೆ 40 ರೂಪಾಯಿ ತರುವುದೆನ್ನೋಣ. ಅಷ್ಟೇ ಪ್ರದರ್ಶನಗಳಲ್ಲಿ ಚೌಕವು ಐದು ಕ್ಲಿಕ್ ಪಡೆದು, ಕ್ಲಿಕ್ಕಿಗೆ 10 ರೂಪಾಯಿಯಂತೆ ಗಳಿಸಿದರೆ 50 ರೂಪಾಯಿಯಾಯಿತು. ಆದ್ದರಿಂದ ಎರಡನ್ನೂ ಒಂದೇ ಅಳತೆಗೆ ತಂದು ಹೋಲಿಸಬೇಕು.

ಸ್ಥಾನವೂ ಅಷ್ಟೇ ಮುಖ್ಯ. ಸಾಮಾನ್ಯ ಜಾಹೀರಾತಿನ ಅರ್ಧಭಾಗವಾದರೂ ಒಂದು ಸೆಕೆಂಡು ಪರದೆಯ ಮೇಲಿದ್ದರೆ ಮಾತ್ರ ಅದು ನೋಡಲು ದೊರೆಯಿತೆಂದು ಎಣಿಸುವುದು ಆ ವ್ಯವಹಾರದ ರೂಢಿ. ಪುಟದ ತಳದಲ್ಲಿರುವುದು ಅನೇಕರ ಕಣ್ಣಿಗೆ ಬೀಳುವುದೇ ಇಲ್ಲ.

ಹಾಗೆಂದು ಎಲ್ಲೆಲ್ಲೂ ತುಂಬಿದರೆ ಓದುಗನು ಬೇಸತ್ತು ಹೊರಟುಹೋಗುತ್ತಾನೆ. 2018ರಿಂದ ಗೂಗಲ್‌ನ ‘ಕ್ರೋಮ್’ ಬ್ರೌಸರ್, ಕಾಟಕೊಡುವ ಜಾಹೀರಾತುಗಳನ್ನು ಮತ್ತೆ ಮತ್ತೆ ತೋರಿಸುವ ತಾಣಗಳ ಜಾಹೀರಾತುಗಳನ್ನೇ ತಡೆಯತೊಡಗಿತು. ಅತಿಯಾಸೆ ಗತಿಗೇಡು. ಓದುಗನು ನಾಳೆಯೂ ಮರಳಿ ಬರುವಂತಿದ್ದರೆ ಮಾತ್ರ ಜಾಲತಾಣದ ಆದಾಯವು ಉಳಿಯುತ್ತದೆ.